ಈಜುತ್ತಲೇ ಇದ್ದ ಇಲಿ

ಪವಿತ್ರಳ ಹೆಣ ಹೊನ್ನೂರಿನ ತೋಟದ ಬಾವಿಯಲ್ಲಿ ತೇಲುತ್ತಿತ್ತು. ನೀರಿಗೆ ಬಂದ ಹೆಂಗಸು ಇಟ್ಟ ಕೂಗಿಗೆ ಯಳಂದೂರಿನ ಕಾಗೆಗಳೂ ಎದ್ದು ಹಾರಿದವು. ಸಬ್ ಇನ್ಸ್‌ಪೆಕ್ಟರ್ ಮಂಟೇಸ್ವಾಮಿ ಬಂದ. ಜೀಪಿನಿಂದ ಮೊದಲು ಅವನ ಹೊಟ್ಟೆ ಇಳಿಯಿತು, ಬಹಳ ಹೊತ್ತಿನ ಮೇಲೆ ಅವನು.

ತಲೆಯ ಹಿಂದೆ ಏಟಿತ್ತು. ಬಾವಿಯ ಕಲ್ಲು ತಗುಲಿರಬೇಕು ಎಂದಿತು ಊರು.

"ಇವಳವ್ವನೂ ಬಂಡಳ್ಳೀಲಿ ಬಾವಿಗೇ ಬಿದ್ದವಳು ಸಾ," ಎಂದ ತೋಟದ ಯಜಮಾನ ಬಸವಕುಮಾರ್. "ರಕ್ತದಲ್ಲೇ ಬಂದದ್ದು. ಯಾರೇನ್ ಮಾಡಕಾದದು?"

ಪವಿತ್ರಳ ತಂಗಿ ರೂಪ ಅಳುತ್ತಿರಲಿಲ್ಲ. ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು.

"ಅವ್ವ ಆಯ್ತು, ಅಕ್ಕ ಆಯ್ತು. ಇನ್ನು ನಾನಾ ಸಾ?"

ಮಂಟೇಸ್ವಾಮಿ ಟೋಪಿ ಸರಿಮಾಡಿಕೊಂಡ.

*

ಪವಿತ್ರ ಮೈಸೂರಿನಲ್ಲಿ ಇಲಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಇಲಿ ಸಾಕಲು ಬಸವಕುಮಾರನ ಹಳೆಯ ರೇಷ್ಮೆಹುಳು ಮನೆಯನ್ನು ಬಾಡಿಗೆಗೆ ಹಿಡಿದಿದ್ದಳು. ಅದರ ನಾತಕ್ಕೆ ದಾರಿಯ ಎಮ್ಮೆಗಳೂ ಮೂಗು ಮುಚ್ಚಿಕೊಳ್ಳುತ್ತಿದ್ದವು.

ತಲೆಯ ಏಟು ನೋಡಿದ್ದ ಮಂಟೇಸ್ವಾಮಿಗೆ, ಪವಿತ್ರಳ ಜೊತೆ ಮದುವೆ ಮುರಿದುಕೊಂಡಿದ್ದ ನಿಂಗರಾಜುವಿನ ಮೇಲೆ ಮೊದಲು ಅನುಮಾನ ಬಂತು. ಅವನು ವಾರದಿಂದ ಹನೂರಿನಲ್ಲಿ ಮುರಿದ ಕಾಲು ಕಟ್ಟಿಸಿಕೊಂಡು ಮಲಗಿದ್ದ. ಆ ದಾರಿ ಮುಚ್ಚಿತು.

"ನೀವು ಇಲಿ ಮನೆ ಒಳಕ್ಕೆ ಓಗ್ತಿದ್ರಾ?" ಮಂಟೇಸ್ವಾಮಿ ಬಸವಕುಮಾರನನ್ನು ಕೇಳಿದ.

"ಆ ನಾತಕ್ಕಾ? ಬೀಗದ ಕೈ ಅವಳತ್ರಾನೇ ಇತ್ತು. ಬಾಡಿಗೆಗೆ ಕೊಟ್ಟ ಮ್ಯಾಲೆ ಒಸ್ಲು ತುಳಿದಿಲ್ಲ ಕಣ್ಸಾ."

ರೂಪ ಬಾಗಿಲು ತೆಗೆದಳು. ಎರಡು ಕೋಣೆ. ಒಂದರಲ್ಲಿ ಬಲ್ಬು ಬಹಳ ಹೊತ್ತು ಉರಿಯುತ್ತದೆ. ಇನ್ನೊಂದರ ಕಿಟಕಿಗೆ ಹಲಗೆ ಬಡಿದಿದೆ, ಅಲ್ಲಿ ಬಲ್ಬು ಬೇಗ ಆರುತ್ತದೆ. ಎರಡರಲ್ಲೂ ಬಿಳಿ ಇಲಿ, ಕಂದು ಇಲಿ.

"ಬಿಳೀವು ಯಾವ ಬೆಳಕಿಗೂ ಕ್ಯಾರೇ ಅನ್ನಕಿಲ್ಲ ಸಾ. ಕಂದುವು ಅಂಗಲ್ಲ. ಹಗಲು ಚಿಕ್ಕದಾದ್ರೆ ಮಂಕಾಯ್ತವೆ. ಅದು ಅವುಗಳ ವಂಶದ ಗುಣ ಅಂತಿದ್ಲು ಅಕ್ಕ."

"ಮಂಕಾದದ್ದು ಎಂಗೆ ಗೊತ್ತಾದದವ್ವ? ಇಲಿ ಬಂದು ನಿಮ್ಮತ್ರ ಗೋಳಾಡ್ತದಾ?"

ರೂಪ ಕತ್ತಲೆ ಕೋಣೆಯ ಕಂದು ಇಲಿಯೊಂದನ್ನು ನೀರಿನ ತೊಟ್ಟಿಗೆ ಬಿಟ್ಟಳು.

"ಮಂಕಾದದ್ದು ಬ್ಯಾಗ ಕೈಚೆಲ್ಲಿ ಸುಮ್ನೆ ತೇಲ್ತದೆ. ನೋಡಿ."

ಇಲಿ ಈಜಿತು. ಕಾವೇರಿ ದಾಟಿ ತಮಿಳುನಾಡು ಮುಟ್ಟುವ ಹಾಗೆ ಈಜಿತು.

ರೂಪ ಬಿಳಿಚಿದಳು. "ಇದು ಇಂಗೆ ಈಜಬಾರ್ದು ಸಾ! ಅಕ್ಕನೂ ಮೊನ್ನೆ ಇದೇ ಅಂತಿದ್ಲು. ಯಾರೋ ಇವಕ್ಕೆ ಬೆಳಕು ಕೊಡ್ತಾವ್ರೆ, ಕಾದು ನೋಡ್ತೀನಿ ಅಂತ."

ಇಲಿಯನ್ನೆತ್ತಿ ಸೆರಗಿನಲ್ಲಿ ಒರೆಸಿದಳು. ಮಂಟೇಸ್ವಾಮಿ ಗೂಡಿನತ್ತ ಬಗ್ಗಿದ. ನಾತದ ಅಡಿಯಲ್ಲಿ ಇನ್ನೊಂದು ವಾಸನೆ.

"ಇವಕ್ಕೆ ಕೆಳಗೆ ಏನ್ ಆಸ್ತೀರಿ?"

"ಭತ್ತದ ಹೊಟ್ಟು."

ಅವನ ಮುಷ್ಟಿಗೆ ಬಂದದ್ದು ಹೊಟ್ಟಲ್ಲ, ಮರದ ಹೆರಕಲು. ಮೂಸಿದ. ಶ್ರೀಗಂಧ. ಮಂಟೇಸ್ವಾಮಿ ತಲೆಯೆತ್ತಿ ಅಟ್ಟ ನೋಡಿದ.

*

ಅಟ್ಟದಿಂದ ಗಂಧದ ತುಂಡುಗಳು ಇಳಿದವು. ಜೊತೆಗೊಂದು ಬಲ್ಬು, ಒಂದು ಮಚ್ಚು. ಒಂದು ತುಂಡಿಗೆ ಒಣಗಿದ ರಕ್ತ, ಉದ್ದ ಕೂದಲು ಅಂಟಿತ್ತು.

"ಇಲಿ ಸಾಕ್ಷಿ ನಂಬ್ಕಂಡು ನನ್ನ ಇಡೀತೀರಾ ಸಾ?" ಬಸವಕುಮಾರ್ ನಕ್ಕ.

"ಇಲೀನೇ ಸಾಕು ಕಣಯ್ಯ. ಈ ನಾತದಲ್ಲಿ ಗಂಧ ಮುಚ್ಚೋದು ಒಳ್ಳೇ ಉಪಾಯ. ಆದ್ರೆ ಕದ್ದ ಮರ ಹೆರೆಯಕೆ ಬೆಳಕು ಬೇಕಲ್ಲ? ಪವಿತ್ರ ಮನೆಗೋದ ಮ್ಯಾಲೆ ಬಲ್ಬು ಆಕ್ದೆ. ಕಂದು ಇಲಿಗೆ ಹಗಲು ಉದ್ದವಾಯ್ತು, ಮಂಕು ಬುಡ್ತು. ಹೆರಕಲು ಒರಗೆ ಎಸೆದ್ರೆ ಊರೇ ಮೂಸ್ತದೆ ಅಂತ ಗೂಡಿಗೆ ತುಂಬ್ದೆ. ಒಸ್ಲು ತುಳಿದಿಲ್ಲ ಅಂದೆ, ಇನ್ನೊಂದು ಬೀಗದ ಕೈ ಇಟ್ಕಂಡಿರೋ ಯಜಮಾನ ಅಲ್ದೆ ಅಟ್ಟ ಅತ್ತಿದ್ಯಾರು? ಪವಿತ್ರ ಕಾದು ನಿನ್ನ ಇಡಿದ್ಲು. ತಲೆಗೆ ಒಡೆದೆ, ಬಾವಿಗೆ ತಳ್ದೆ."

"ಬಾವಿಗೆ ಅವಳೇ..."

"ತಾಯಿ ಸಾವಿನ ಮಾತು ನಿನಗೆ ಯಾರಂದ್ರು?"

ಬಾಡಿಗೆಗೆ ಬಂದ ದಿನ ನಂಬಿ ಹೇಳಿಕೊಂಡವಳು ಪವಿತ್ರಳೇ. ಅದನ್ನೇ ಬಸವಕುಮಾರ್ ಅವಳ ಸಾವಿಗೆ ಹೊದಿಸಿದ್ದ.

ಕೈಗೆ ಕೋಳ ಬಿತ್ತು.

"ನಮ್ಮಕ್ಕ ತಾನಾಗಿ ಬೀಳ್ಲಿಲ್ವಾ ಸಾ?" ರೂಪ ಕೇಳಿದಳು.

"ಇಲ್ಲ ಕಣವ್ವ. ಕೊನೇಗಂಟ ಈಜಿದವಳು ಅವಳು."

ರೂಪ ಕತ್ತಲೆ ಕೋಣೆಗೆ ಹೋಗಿ ಕಿಟಕಿಯ ಹಲಗೆ ಮುಟ್ಟಿದಳು. "ನಮ್ಮವ್ವ ಬಾಗ್ಲಾಕ್ಕಂಡು ಕೂರ್ತಿದ್ದ ಕೋಣೇಲೂ ಕಿಟಕಿ ಇರ್ಲಿಲ್ಲ ಸಾ," ಎಂದಳು.

ಆಮೇಲೆ ಹಲಗೆ ಕೀಳಲು ಅದೇ ಮಚ್ಚಿಗೆ ಕೈ ಹಾಕಿದಳು. ಸಾಕ್ಷಿಯ ವಸ್ತು, ಮುಟ್ಟಬೇಡ ಎಂದು ಮಂಟೇಸ್ವಾಮಿ ತಡೆದ. ತಾನೇ ಬೂಟುಗಾಲಿನಿಂದ ಕಿಟಕಿಯ ಹಲಗೆ ಒದ್ದ.