ನಾಲ್ಕನೇ ಪುಟದ ತಿದ್ದುಪಡಿ

2025ರ ಜನವರಿ 10, ಶುಕ್ರವಾರ ಬೆಳಿಗ್ಗೆ 10.15ಕ್ಕೆ ಶೋಭಿತಾ ಮಂಡ್ಯದ ಸೈಬರ್ ಅಪರಾಧ ಠಾಣೆಗೆ ಬಂದರು. ಮದ್ದೂರಿನ ಖಾಸಗಿ ನರ್ಸಿಂಗ್ ಕಾಲೇಜೊಂದರ ಉಪನ್ಯಾಸಕಿ. ಹಿಂದಿನ ದಿನವಷ್ಟೇ ಅಮಾನತಾಗಿದ್ದರು.

ಕಾಲೇಜಿನ ಆನ್‌ಲೈನ್ ಪಾಠ ವ್ಯವಸ್ಥೆಯಲ್ಲಿ ಅವರ ಹೆಸರಿನ ಫೈಲೊಂದಿತ್ತು. ಮೂರು ವಿಭಾಗಗಳಿಗೂ ಅದೇ ಫೈಲು. ಒಂದು ಕಡೆ ತಿದ್ದಿದರೆ ಮೂರೂ ಕಡೆ ಬದಲಾಗುತ್ತಿತ್ತು. ಪೊಟ್ಯಾಸಿಯಂ ಚುಚ್ಚುಮದ್ದನ್ನು ನೇರವಾಗಿ ರಕ್ತನಾಳಕ್ಕೆ ‘ಕೊಡಬಾರದು’ ಎಂದಿದ್ದ ಸಾಲು ‘ಕೊಡಬಹುದು’ ಎಂದಾಗಿತ್ತು. ಅದನ್ನೇ ಓದಿದ್ದ ಗಗನ ಎಂಬ ವಿದ್ಯಾರ್ಥಿನಿ, ಬುಧವಾರ ಆಸ್ಪತ್ರೆಯ ತರಬೇತಿಯಲ್ಲಿ ಸಿರಿಂಜಿಗೆ ಮದ್ದು ತುಂಬಿಕೊಂಡು ರೋಗಿಯ ಹತ್ತಿರ ಹೋಗಿದ್ದಳು. ವಾರ್ಡಿನ ನರ್ಸು ಕೈ ಹಿಡಿದು ತಡೆಯದಿದ್ದರೆ ರೋಗಿಯ ಹೃದಯ ಅಲ್ಲೇ ನಿಲ್ಲುತ್ತಿತ್ತು.

“ಪಾಸ್‌ವರ್ಡ್ ಯಾರಿಗೆ ಗೊತ್ತು?” ಇನ್‌ಸ್ಪೆಕ್ಟರ್ ರವಿಚಂದ್ರ ಕೇಳಿದರು.

“ಗುಮಾಸ್ತ ಅಂಕಯ್ಯನೋರಿಗೆ, ಅವರೇ ಮಾಡ್ಕೊಟ್ಟಿದ್ದು. ಆಮೇಲೆ ನಮ್ಮ ಸೀನಿಯರ್ ಲೆಕ್ಚರರ್ ಕುಸುಮ ಮೇಡಂಗೆ. ನಾನು ರಜದಲ್ಲಿದ್ದಾಗ ಒಂದ್ಸಲ ಫೋನಲ್ಲಿ ಹೇಳಿದ್ದೆ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ರವಿಚಂದ್ರ, ಹೆಡ್ ಕಾನ್‌ಸ್ಟೇಬಲ್ ಮಂಗಳಮ್ಮನವರೊಂದಿಗೆ ಮದ್ದೂರಿಗೆ ಹೋಗಿ, ಉಪನ್ಯಾಸಕರ ಕೊಠಡಿಯ ಕಂಪ್ಯೂಟರನ್ನು ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡರು. ಜನವರಿ 6ರ ಬೆಳಿಗ್ಗೆ 11.20ಕ್ಕೆ ಅದರಿಂದಲೇ, ಶೋಭಿತಾ ಹೆಸರಿನಲ್ಲೇ ಫೈಲು ಬದಲಾಗಿತ್ತು. ಆ ಹೊತ್ತಿಗೆ ಶೋಭಿತಾ ಮಂಡ್ಯದಲ್ಲಿ ಪರೀಕ್ಷಾ ಮೇಲ್ವಿಚಾರಣೆಯಲ್ಲಿದ್ದರು. ಅಂಕಯ್ಯ, ಕುಸುಮ ಇಬ್ಬರೂ ಕಾಲೇಜಿನಲ್ಲೇ ಇದ್ದರು.

ವ್ಯವಸ್ಥೆಯಲ್ಲಿ ಹಳೆಯ ಪ್ರತಿಯೂ ಉಳಿದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇನ್ನೊಂದು ಬದಲಾವಣೆ ಸಿಕ್ಕಿತು. ನಾಲ್ಕನೇ ಪುಟದಲ್ಲಿ, ರಕ್ತದಲ್ಲಿರಬೇಕಾದ ಕನಿಷ್ಠ ಪೊಟ್ಯಾಸಿಯಂ ಪ್ರಮಾಣವನ್ನು ಶೋಭಿತಾ 3.5ರ ಬದಲು 5.3 ಎಂದು ತಪ್ಪಾಗಿ ಬರೆದಿದ್ದರು. ಯಾರೋ ಅದನ್ನು ಸರಿಪಡಿಸಿದ್ದರು.

“ಕೆಡ್ಸಕ್ಕೆ ಬಂದೋರು ರಿಪೇರಿ ಯಾಕ್ ಮಾಡವ್ರೆ ಸಾ?” ಎಂದರು ಮಂಗಳಮ್ಮ. “ಗುಮಾಸ್ತಂಗೆ ಇದೆಲ್ಲ ಎಲ್ಲಿ ಗೊತ್ತಾದದು? ಇದು ಪಾಠ ಮಾಡೋರ ಕೈಯಿ.”

ಜನವರಿ 13, ಸೋಮವಾರ ಬೆಳಿಗ್ಗೆ 9.30ಕ್ಕೆ ರವಿಚಂದ್ರ, ಮಂಗಳಮ್ಮ ಇಬ್ಬರೂ ಮಳವಳ್ಳಿಯ ಕುಸುಮ ಅವರ ಮನೆಯಲ್ಲಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಕಾಲೇಜಿಗೆ ಹೊರಟು ನಿಂತಿದ್ದರು.

“ಆರನೇ ತಾರೀಕು ಶೋಭಿತಾ ಫೈಲು ತೆರೆದಿರಾ?”

“ಇಲ್ಲ.”

ರವಿಚಂದ್ರ ನಾಲ್ಕನೇ ಪುಟದ ಎರಡೂ ಪ್ರತಿಗಳನ್ನು ಮೇಜಿನ ಮೇಲಿಟ್ಟರು. “ಇದನ್ನ ಯಾಕೆ ತಿದ್ದಿದ್ರಿ?”

ಕುಸುಮ ಹಳೆಯ ಪ್ರತಿಯ 5.3ರ ಮೇಲೆ ಬೆರಳಿಟ್ಟರು.

“ತಪ್ಪಿತ್ತು ಸಾರ್,” ಎಂದರು.

“ರೋಗಿ ಸಾಯ್ತಿದ್ರು, ಗೊತ್ತಾ?”

“ಅಲ್ಲಿಗೆ ಹೋಗ್ತದೆ ಅನ್ಕಂಡಿರ್ಲಿಲ್ಲ.”

11.40ಕ್ಕೆ ಬಂಧನದ ಮೆಮೊಗೆ ಸಹಿ ಹಾಕಿಸಿಕೊಂಡರು. ಜೀಪಿನಲ್ಲಿ ಕುಸುಮ ಯಾರೂ ಕೇಳದೆಯೇ ಮಾತಾಡಿದರು.

“ಹನ್ನೊಂದು ವರ್ಷ ನಾನು ಕೈಯಲ್ಲಿ ಬರೆದ ನೋಟ್ಸು ಅದು. ನಂಗೆ ಟೈಪಿಂಗ್ ಬರಲ್ಲ ಅಂತ ಅವಳಿಗೆ ಕೊಟ್ರು. ಫೈಲು ತೆಗುದ್ರೆ ಅವಳ ಹೆಸರು. ಮಕ್ಕಳು ನನ್ನ ಮೇಜು ದಾಟ್ಕಂಡು ಅವಳ ಹತ್ರ ಡೌಟು ಕೇಳಕ್ಕೆ ಹೋಗ್ತಿದ್ರು.”

ಮಂಗಳಮ್ಮ ನೀರಿನ ಬಾಟಲಿ ಕೊಟ್ಟರು. ಕುಸುಮ ಅದನ್ನು ಮಡಿಲಲ್ಲಿ ಹಿಡಿದುಕೊಂಡು ಕುಳಿತರು.

“ಆ ಸಾಲು ಓದಿ, ಮೇಡಂ ಇದು ಸರಿಯಾ ಅಂತ ಒಬ್ಬರಾದ್ರೂ ನನ್ನನ್ನ ಕೇಳಕ್ಕೆ ಬತ್ತಾರೆ ಅನ್ಕಂಡಿದ್ದೆ ಕಣಮ್ಮ. ಎರಡು ದಿನ ಕಾದೆ. ಎಲ್ಲಾರೂ ಅದನ್ನ ಹಂಗೇ ಬರ್ಕಂಡ್ರು.”