ಎರಡು ಕೋಣೆ, ಒಂದೇ ಪ್ರಶ್ನೆ

"ನಗಬೇಡಿ ರೀ, ಆ ಕಿಟಕಿಯಿಂದ ಆಫೀಸರು ನೋಡ್ತಿದಾರೆ," ಎಂದಳು ಸೂಜಿ, ತಾನೇ ನಗು ತಡೆಯಲಾರದೆ ತುಟಿ ಕಚ್ಚಿಕೊಂಡು.

"ಹೆಂಡ್ತಿ ಪಕ್ಕ ಕೂತು ನಕ್ಕರೂ ತಪ್ಪಾ? ಹಾಗಾದ್ರೆ ಜಗಳ ಆಡೋಣ. ಗಂಡ ಹೆಂಡ್ತಿ ಅಂತ ಆಗ ಗ್ಯಾರಂಟಿ ನಂಬ್ತಾರೆ." ಅವನು ಅವಳ ಕಿರುಬೆರಳಿಗೆ ತನ್ನ ಬೆರಳು ಸಿಕ್ಕಿಸಿದ.

ಅವನು ಬೇಕರಿಯಲ್ಲಿ ರಾತ್ರಿ ಪಾಳಿಯವನು. ಅವಳು ಬಟ್ಟೆ ಹೊಲಿಯುವವಳು. ಮಾತೂ ಚುಚ್ಚುತ್ತೆ ಅಂತ ಅವನೇ ಇಟ್ಟ ಹೆಸರು ಸೂಜಿ. ಈ ದೇಶದಲ್ಲಿ ಕಾಯಂ ವಾಸದ ಹಕ್ಕು ಅವನಿಗಿತ್ತು, ಅವಳಿಗಿರಲಿಲ್ಲ. ಅದೇ ಹಕ್ಕು ಕೋರಿ ಗಂಡನ ಜಾಮೀನಿನ ಮೇಲೆ ಹಾಕಿದ್ದ ಅವಳ ಪಿಆರ್ ಅರ್ಜಿ ಕೊನೆಗೂ ವಲಸೆ ಕಚೇರಿಯಲ್ಲಿ ಸಂದರ್ಶನಕ್ಕೆ ಬಂದಿತ್ತು. ಮದುವೆ ನಿಜವೋ ನಾಟಕವೋ ತಿಳಿಯಲು ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳುತ್ತಾರೆ.

ಮೊದಲು ಹೋಗಿದ್ದ ಜೋಡಿ ಹೊರಬಂತು, ಗಂಡ ಒಂದು ಬಾಗಿಲಿಂದ, ಹೆಂಡತಿ ಇನ್ನೊಂದರಿಂದ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೂಜಿ ಅವನ ಬೆರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಒಳಗೆ ನರೆಗೂದಲ ಅಧಿಕಾರಿಯೊಬ್ಬಳು ನಗುತ್ತ ನೀರು ಕೊಟ್ಟಳು. ಆ ಸೌಜನ್ಯವೇ ಸೂಜಿಗೆ ಭಯ ಹುಟ್ಟಿಸಿತು. ಅತ್ತೆಯ ಕಾಯಿಲೆ, ಅವನ ಬ್ರಶ್ಶಿನ ಬಣ್ಣ, ಎಲ್ಲಕ್ಕೂ ಪಟಪಟ ಉತ್ತರಿಸಿದಳು.

"ಕೆಲಸ ಮುಗಿಸಿ ಬಂದು ಅವರು ಎಲ್ಲಿ ಮಲಗ್ತಾರೆ?"

"ನನ್ನ ಪಕ್ಕ. ಇನ್ನೆಲ್ಲಿ?" ಬೆಳಗ್ಗೆ ಕಣ್ಣು ಬಿಟ್ಟಾಗಲೆಲ್ಲ ಅವನ ತೋಳು ತನ್ನ ಮೇಲಿರುವುದು ನೆನಪಾಗಿ ಕೆನ್ನೆ ಬಿಸಿಯಾಯಿತು.

ಅಧಿಕಾರಿಯ ಪೆನ್ನು ನಿಂತಿತು.

ಸ್ವಲ್ಪ ಹೊತ್ತಿಗೆ ಅವನನ್ನೂ ಅಲ್ಲಿಗೇ ಕರೆಸಿದರು. "ನೀವು ಅಡುಗೆಮನೆ ಕುರ್ಚಿಯಲ್ಲಿ ಮಲಗ್ತೀನಿ ಅಂದಿದ್ದೀರಿ. ಇಬ್ಬರಲ್ಲಿ ಯಾರದು ಸುಳ್ಳು?"

ಅವನು ನೆಲ ನೋಡಿದ. "ವೀಸಾ ಇಲ್ಲ ಅಂತ ಪಕ್ಕದ ಮನೆಯವರನ್ನ ಪೊಲೀಸರು ನಸುಕಲ್ಲಿ ಬಂದು ಹಿಡ್ಕೊಂಡು ಹೋದ್ರಲ್ಲ, ಆವತ್ತಿಂದ ಕೋಣೆ ಬಾಗಿಲು ಕಿರ್ ಅಂದ್ರೆ ಸಾಕು, ಇವಳು ಕಿರುಚ್ಕೊಂಡು ಏಳ್ತಾಳೆ. ಅದಕ್ಕೇ ಕುರ್ಚಿಯಲ್ಲೇ ಕಣ್ಣು ಮುಚ್ತೀನಿ. ಬೆಳಗ್ಗೆ ನಿದ್ದೆಗಣ್ಣಲ್ಲೇ ಅಲಾರಂ ಆರಿಸಿ ಇವಳು ಮತ್ತೆ ಮಗ್ಗುಲಾದ ಮೇಲೆ ಒಳಗೆ ಹೋಗ್ತೀನಿ, ಆಗ ಬೆಚ್ಚಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?" ಸೂಜಿ ಅವನತ್ತ ತಿರುಗಿದಳು.

"ಹೇಳಿದ್ರೆ ನೀನೂ ನಿದ್ದೆಗೆಟ್ಟು ಕೂರ್ತಿದ್ದೆ ಕಣೇ."

"ಇಂಥ ಕಥೆ ದಿನಾ ಕೇಳ್ತೀವಿ," ಎಂದಳು ಅಧಿಕಾರಿ, ಅಷ್ಟೇ ಮೆತ್ತಗೆ.

ಅರ್ಜಿ ಹೆಚ್ಚಿನ ತನಿಖೆಗೆ ಹೋಯಿತು. ಅವಳ ವೀಸಾ ಮುಂದುವರಿಯಲಿಲ್ಲ. ತೀರ್ಮಾನವಾಗುವವರೆಗೆ ದೇಶದ ಹೊರಗೇ ಕಾಯಬೇಕು.

"ನಾನೂ ಬಂದ್ಬಿಡ್ತೀನಿ," ಎಂದ ಅವನು ಮೆಟ್ಟಿಲಿಳಿಯುತ್ತ.

"ತಲೆ ಕೆಟ್ಟಿದೆಯಾ ನಿಮಗೆ? ಜಾಮೀನು ನಿಂತವರೇ ದೇಶ ಬಿಟ್ಟರೆ ಅರ್ಜಿ ಅಲ್ಲೇ ಸತ್ತಂಗೆ." ಜೊತೆಗಿರಬೇಕಾದರೆ ಈಗ ದೂರ ಇರಲೇಬೇಕಿತ್ತು.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಅವಳು, ಸರಿಯಾಗಿಯೇ ಇದ್ದ ಅವನ ಕಾಲರನ್ನು ಸರಿಪಡಿಸುತ್ತ ನಿಂತಳು.

"ಅವರು ಆಗಲ್ಲ ಅಂದ್ಬಿಟ್ರೆ?" ಅವನ ದನಿ ನಡುಗಿದ್ದನ್ನು ಅವಳು ಮೊದಲ ಸಲ ಕೇಳಿದಳು.

"ಆವಾಗ ನೀವು ಬನ್ನಿ. ಬ್ರೆಡ್ಡು ಯಾವ ಊರಲ್ಲಿ ತಿನ್ನಲ್ಲ? ನೋಡಿ, ಅಷ್ಟೆಲ್ಲ ಕೇಳಿದ್ರು, ಗಂಡನ ಮೇಲೆ ಪ್ರೀತಿ ಇದೆಯಾ ಅಂತ ಮಾತ್ರ ಕೇಳ್ಲಿಲ್ಲ."

"ನಾನು ಕೇಳ್ಲಾ?"

"ಬೇಡ. ಇದೆ. ತುಂಬಾ ಇದೆ." ಅವನೆದೆಗೆ ಒಮ್ಮೆ ಹಣೆಯೊತ್ತಿ, ಸರಕ್ಕನೆ ತಿರುಗಿ ಒಳಗೆ ಹೋದಳು.

ಗಾಜಿನ ಬಾಗಿಲು ಮುಚ್ಚಿಕೊಂಡಿತು. ಆಚೆ ಅವನು ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ಏನು ಎಂದು ಅವಳು ಕೈಯಾಡಿಸಿದಳು.

"ನಿಲ್ಲಬೇಡಿ, ಮುಂದೆ ನಡೀರಿ," ಎಂದ ಕಾವಲುಗಾರ.