ಸೋಲುವ ತಂಡದ ಕಡೆಯವಳು

“ನಿಮ್ಮ ಬೋರ್ಡು ಕೆಟ್ಟಿದೆ!” ಎನ್ನುತ್ತಲೇ ಅವಳು ಒಳಗೆ ನುಗ್ಗಿದಳು. ಬಾಗಿಲು ತಟ್ಟಬೇಕೆಂಬುದೂ ಮರೆತುಹೋಗಿತ್ತು. “ಈಗ ಹಳದಿ ತಂಡದವರು ಬಾಸ್ಕೆಟ್ ಹಾಕಿದ್ರಲ್ಲ, ಸ್ಕೋರು ಏರಲೇ ಇಲ್ಲ.”

ಅದು ಒಳಾಂಗಣ ಕ್ರೀಡಾಂಗಣದ ಕಂಟ್ರೋಲ್ ರೂಮು. ವೈರುಗಳ ರಾಶಿಯ ನಡುವೆ ಟೆಸ್ಟರ್ ಹಿಡಿದು ಕೂತಿದ್ದ ಎಲೆಕ್ಟ್ರಿಷಿಯನ್ ತಲೆಯೆತ್ತಿದ. ಅವಳ ಹಳದಿ ಜೆರ್ಸಿಯನ್ನು ನೋಡಿದ. ಕೋಪಕ್ಕೆ ಕೆಂಪಾಗಿದ್ದ ಮೂಗಿನ ತುದಿಯನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ.

“ಅದಕ್ಕೆ ಮುಂಚೆ ಫೌಲ್ ಆಗಿತ್ತು ಮೇಡಂ. ರೆಫರಿ ಕೊಡಲಿಲ್ಲ.”

“ಹಾಗಾದ್ರೆ ಬೋರ್ಡು?”

“ಬೋರ್ಡು ಸರಿಯಾಗೇ ಇದೆ. ನಿಮ್ಮ ತಂಡಕ್ಕೆ ರಿಪೇರಿ ಬೇಕು. ಅದು ನನ್ನ ಕೈಲಾಗೋ ಕೆಲಸ ಅಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವನ ಮಾತಿಗೋ, ಆ ಮಾತು ನಿಜವಾಗಿದ್ದಕ್ಕೋ ತಿಳಿಯಲಿಲ್ಲ. ದಢಾರನೆ ಬಾಗಿಲೆಳೆದುಕೊಂಡು ಹೊರಬಂದಳು. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ.

ಅವಳು ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವ ಕೆಲಸ. ಕಂಡರಿಯದವರ ನಗುವೆಲ್ಲ ಅವಳ ಬೆರಳುಗಳಲ್ಲಿ ಸಿದ್ಧವಾಗುತ್ತಿತ್ತು. ಅಕ್ಕ ಭಾವನ ಜೊತೆ ಮನೆ. ಭಾನುವಾರದ ಮಧ್ಯಾಹ್ನಗಳು ಮಾತ್ರ ಹಳದಿ ಜೆರ್ಸಿಗೆ ಮೀಸಲು.

ಆ ಕ್ಲಬ್ಬಿಗೆ ಎರಡು ತಂಡಗಳಿದ್ದವು. ಗಂಡಸರ ತಂಡ ಮೂರು ಕ್ವಾರ್ಟರ್ ಮುಂದಿದ್ದು ನಾಲ್ಕನೆಯದರಲ್ಲಿ ಕೈಚೆಲ್ಲುತ್ತಿತ್ತು. ಆ ಬೇಸರ ಕಳೆಯೋಣವೆಂದು ಹೆಂಗಸರ ಮ್ಯಾಚಿಗೆ ಹೋದರೆ, ಅವರು ಇನ್ನೂ ಚೆನ್ನಾಗಿ ಸೋಲುತ್ತಿದ್ದರು. ಅವಳು ಹಲ್ಲು ಕಡಿಯುತ್ತಾ ನೋಡುವಳು, ಕೊನೆಗೆ ತಡೆಯಲಾರದೆ ಎದ್ದು ನಿಂತು ಕೂಗುವಳು.

“ಓಡೋ! ಮಾವನ ಮನೆಗೆ ಬಂದಿದೀಯೇನೋ?”

ಅವಳ ಗಂಟಲು ಇಡೀ ಗ್ಯಾಲರಿಗೆ ಪರಿಚಿತ. ಮುಂದಿನ ಸಾಲಿನವರು ಆಟಕ್ಕಿಂತ ಹೆಚ್ಚಾಗಿ ಅವಳ ಬೈಗುಳಕ್ಕೆ ಕಾಯುತ್ತಿದ್ದರು.

ಮುಂದಿನ ಭಾನುವಾರ ಬ್ರೇಕಿನಲ್ಲಿ ಎಲೆಕ್ಟ್ರಿಷಿಯನ್ ಎರಡು ಕಪ್ ಕಾಫಿ ಹಿಡಿದು ಅವಳ ಸಾಲಿನ ತುದಿಗೆ ಬಂದು ನಿಂತ.

“ಬೋರ್ಡಿನ ಕಡೆಯಿಂದ ರಾಜಿ,” ಎಂದ.

“ನಾನು ಸಕ್ಕರೆ ಹಾಕ್ಕೊಳಲ್ಲ.”

“ಗೊತ್ತಾಯ್ತು ಬಿಡಿ, ಹಾಕಿಸಿಲ್ಲ. ಆ ಬೈಗುಳ ಸಕ್ಕರೆ ತಿನ್ನೋರ ಬಾಯಲ್ಲಿ ಬರಲ್ಲ.”

ಅವಳು ಕಪ್ಪಿನ ಅಂಚಿನ ಮೇಲಿಂದ ಅವನನ್ನು ದುರುಗುಟ್ಟಿಕೊಂಡು ನೋಡಿದಳು. ಅವನು ಕಣ್ಣು ತಪ್ಪಿಸಿ ಚಾವಣಿ ನೋಡಿದ. ಕಿವಿ ಮಾತ್ರ ಕೆಂಪಾಯಿತು. ಅಲ್ಲಿನವರೆಲ್ಲ ಅವನನ್ನು ಕರೆಂಟು ಎಂದೇ ಕರೆಯುತ್ತಿದ್ದರು. ಮಾತು ಮಾತ್ರ ಲೋ ವೋಲ್ಟೇಜು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹೀಗೆ ಭಾನುವಾರಗಳು ಉರುಳಿದವು. ಹಳದಿ ತಂಡ ಸೋಲುತ್ತಲೇ ಹೋಯಿತು, ಕಾಫಿ ಬರುತ್ತಲೇ ಇತ್ತು.

“ಇಷ್ಟು ಬೈತೀರಲ್ಲ,” ಎಂದು ಒಮ್ಮೆ ಅವನು ಕೇಳಿದ, “ಒಂದ್ಸಲ ‘ಗೆಲ್ತೀರಿ ಹೋಗಿ’ ಅನ್ನಬಾರ್ದಾ?”

ಅವಳ ಮುಖ ಸಪ್ಪಗಾಯಿತು. ಖಾಲಿ ಅಂಗಣದತ್ತ ತಿರುಗಿದಳು.

“ನನ್ನನ್ನ ಇಲ್ಲಿಗೆ ಮೊದಲು ಕರ್ಕೊಂಡು ಬಂದಿದ್ದು ಅಪ್ಪ. ಅವರಿಗೂ ಈ ತಂಡಾನೇ ಹುಚ್ಚು. ಅವರ ಆಪರೇಷನ್ ದಿನ ಅಕ್ಕ ಅಳ್ತಾ ಕೂತಿದ್ಲು. ನಾನು ಆಸ್ಪತ್ರೆ ತುಂಬಾ ಎಲ್ಲರಿಗೂ ಧೈರ್ಯ ಹೇಳ್ಕೊಂಡು ಓಡಾಡ್ದೆ. ಅಪ್ಪನ ಕೈ ಹಿಡ್ಕೊಂಡು, ನೀನು ಬಂದೇ ಬರ್ತೀಯ ಅಂದೆ. ನಗ್ತಾ ಒಳಗೆ ಹೋದ್ರು. ವಾಪಸ್ ಬರ್ಲಿಲ್ಲ. ಅವತ್ತಿಂದ ನಾನು ಯಾರ ಕಡೆ ಆದ್ರೂ ಅವರು ಸೋಲ್ತಾರೆ ಅನ್ಸುತ್ತೆ. ಬೈದ್ರೆ ಏನೂ ಆಗಲ್ಲ. ಆಸೆ ಪಟ್ಟು ಬಾಯಿ ಬಿಟ್ಟರೆ ಭಯ.”

ಹಾಗೆಲ್ಲ ಏನಿಲ್ಲ ಎಂದು ಅವನು ಬುದ್ಧಿ ಹೇಳಲಿಲ್ಲ. ತಣ್ಣಗಾದ ಕಾಫಿಯನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟ.

“ನನಗೂ ಭಯ ಇದೆ,” ಎಂದ. “ಎತ್ತರ.”

“ಏನು? ಮತ್ತೆ ವಾರ ವಾರ ಆ ಚಾವಣಿ ಹತ್ತೋರು ಯಾರು?”

“ನಾನೇ. ಸೇರಿಸ್ಕೊಳ್ಳುವಾಗ ಎಲ್ಲಾ ನೆಲದ ಮೇಲಿನ ಕೆಲಸ ಅಂದಿದ್ರು.”

ಅವಳು ಕಣ್ಣೊರೆಸಿಕೊಂಡು ನಕ್ಕಳು. ಆ ನಗುವನ್ನು ಅವನು ನೋಡಿದ ರೀತಿಗೆ ಎದೆಯೊಳಗೆ ಏನೋ ಹಗುರಾಯಿತು. ಮರುಗಳಿಗೆಯೇ ಅದು ಧಸಕ್ಕೆಂದಿತು.

ಅಂದು ಹೊರಡುವಾಗ ಅವನು ಕೇಳಿದ. “ಮ್ಯಾಚ್ ಇಲ್ಲದ ದಿನ ಒಂದಿನ ಸಿಗ್ತೀರಾ?”

“ನೋಡೋಣ,” ಎಂದು ಓಡುವಂತೆ ನಡೆದುಬಿಟ್ಟಳು.

ಮನೆಯಲ್ಲಿ ಅಕ್ಕ ಬಾಗಿಲು ತೆಗೆದವಳೇ ಹುಬ್ಬೇರಿಸಿದಳು. “ಏನೇ ಚಿನಕುರುಳಿ, ಸೋತು ಬಂದವಳ ಮುಖದಲ್ಲಿ ಇಷ್ಟು ಕಳೆ?”

“ಬಿಸಿಲಿಗೆ ಹಾಗೆ ಕಾಣುತ್ತೆ ಕಣೇ.”

“ಹೊರಗೆ ಮೋಡ ಇದೆ,” ಎಂದಳು ಅಕ್ಕ.

ಅವಳಿಗೆ ಹೆದರಿಕೆ ಹತ್ತಿತು. ಲ್ಯಾಬಿನಲ್ಲಿ ಮೇಣ ಕರಗಿಸುವಾಗಲೂ ಅವನ ಕಿವಿಯ ಕೆಂಪೇ ನೆನಪಾಗುತ್ತಿತ್ತು. ಬೇಡ, ಇವನ ಕಡೆ ಆಗಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಬರುವ ವಾರ ಕಾಫಿ ಬೇಡ ಎಂದುಬಿಡಬೇಕು, ಮಾತು ಕಡಿಮೆ ಮಾಡಬೇಕು. ಇದು ಪ್ರೀತಿಯೆಂದು ಒಪ್ಪಿಕೊಳ್ಳದಿದ್ದರೆ ಅವನಿಗೆ ಏನೂ ಆಗುವುದಿಲ್ಲ ಎಂಬಂತೆ.

ಆ ಭಾನುವಾರ ಬ್ರೇಕಿನಲ್ಲಿ ಅವನು ಬರಲೇ ಇಲ್ಲ. ಬೋರ್ಡಿನ ಒಂದು ಮುಖದ ದೀಪಗಳು ಮಿಣುಕುತ್ತಿದ್ದವು. ಅದನ್ನು ಸರಿಪಡಿಸಲು ಮೇಲೆ ಹತ್ತಿದ್ದ. ಅಂಗಣದ ನಟ್ಟನಡುವೆ, ನಾಲ್ಕು ಉಕ್ಕಿನ ಹಗ್ಗಗಳಿಂದ ತೂಗುಬಿಟ್ಟ ದೊಡ್ಡ ಪೆಟ್ಟಿಗೆಯಂಥ ಬೋರ್ಡದು. ಅದರ ಮೇಲೆ, ಚಾವಣಿಯಡಿ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲದ ಕಬ್ಬಿಣದ ದಾರಿ. ಬೇಡ ಬೇಡವೆಂದರೂ ಅವಳ ಕಣ್ಣು ಅತ್ತಲೇ ಏರುತ್ತಿತ್ತು.

ಆಟ ಮತ್ತೆ ಶುರುವಾಯಿತು. ಹಳದಿ ತಂಡ ಹಿಂದಿತ್ತು.

ಬಂದೂಕು ಸಿಡಿದಂಥ ಸದ್ದಾಯಿತು.

ಒಂದು ಹಗ್ಗ ಕಿತ್ತು ಹಾವಿನಂತೆ ಗಾಳಿಯಲ್ಲಿ ಬೀಸಿತು. ಬೋರ್ಡು ಒಂದು ಮಗ್ಗುಲಿಗೆ ವಾಲಿತು. ಆಟಗಾರರು ದಿಕ್ಕಾಪಾಲಾಗಿ ಓಡಿದರು. ಎಲ್ಲರೂ ಹೊರಗೆ ಹೋಗಿ ಎಂದು ಮೈಕು ಅರಚುತ್ತಿತ್ತು. ಮಕ್ಕಳನ್ನು ಎತ್ತಿಕೊಂಡವರು, ಚಪ್ಪಲಿ ಬಿಟ್ಟವರು, ಒಬ್ಬರ ಮೇಲೊಬ್ಬರು ಬಾಗಿಲತ್ತ ನುಗ್ಗಿದರು. ಯಾರೋ ಅವಳ ತೋಳೆಳೆದರು. ಅವಳು ಕೊಸರಿಕೊಂಡು, ಜನ ಹರಿಯುತ್ತಿದ್ದ ದಿಕ್ಕಿಗೆ ಎದುರಾಗಿ ಕೆಳಗಿಳಿದಳು.

ಹರಿದ ಹಗ್ಗ ಮೇಲಿನ ದಾರಿಗೆ ಬಡಿದು ಅದನ್ನು ಬಗ್ಗಿಸಿತ್ತು. ಬಗ್ಗಿದ ಭಾಗದ ಆಚೆಗೆ ಅವನು ಮಂಡಿಯೂರಿ ಕಂಬಿಯೊಂದನ್ನು ತಬ್ಬಿ ಕೂತಿದ್ದ. ಇಳಿಯುವ ಏಣಿ ಈಚೆಗಿತ್ತು. ಅವನ ಸುರಕ್ಷತಾ ಬೆಲ್ಟಿನ ಕೊಕ್ಕೆ ಸಿಕ್ಕಿಸಿದ್ದ ಕಂಬಿ ಕಿತ್ತುಬಂದು ಜೋತಾಡುತ್ತಿತ್ತು.

ಅವಳು ಏಣಿಯತ್ತ ಓಡಿದಳು.

ಏಣಿಯ ಬುಡದಲ್ಲಿ ಮೇಲ್ವಿಚಾರಕ ಬೆವರುತ್ತಾ ನಿಂತಿದ್ದ. “ಹೊರಗೆ ಹೋಗಮ್ಮ!”

“ಅವರನ್ನ ಯಾಕೆ ಇಳಿಸ್ತಿಲ್ಲ?”

“ಅಗ್ನಿಶಾಮಕದವರು ದಾರೀಲಿದಾರೆ. ಅಲ್ಲೀವರೆಗೂ ಆ ಕಬ್ಬಿಣ ನಿಲ್ಲೋ ಹಾಗೆ ಕಾಣ್ತಿಲ್ಲ, ವಾಲ್ತಾನೇ ಇದೆ. ಇನ್ನೊಬ್ಬರನ್ನ ಹತ್ತಿಸಿದ್ರೆ ಭಾರಕ್ಕೆ ಪೂರ್ತಿ ಬೀಳುತ್ತೆ. ಅವನೇ ತೆವಳಿಕೊಂಡು ಈಚೆ ಬರಬೇಕು. ಆದ್ರೆ ಕಣ್ಣೇ ಬಿಡ್ತಿಲ್ಲ, ನಮ್ಮ ಮಾತೇ ಕೇಳಿಸ್ತಿಲ್ಲ ಅವನಿಗೆ!”

ಮೇಲೆ ಕಬ್ಬಿಣ ಕಿರುಗುಟ್ಟಿತು. ಅವಳ ಜೀವ ಬಾಯಿಗೆ ಬಂತು. ಅವಳಿಗೆ ಬರುತ್ತಿದ್ದದ್ದು ಬೈಗುಳವೊಂದೇ.

“ಏಯ್ ಕರೆಂಟು! ಮಾವನ ಮನೆಗೆ ಬಂದಿದೀಯೇನೋ? ಕಣ್ಣು ಬಿಡೋ!”

ಖಾಲಿಯಾದ ಕ್ರೀಡಾಂಗಣದಲ್ಲಿ ಅವಳ ದನಿ ಗೋಡೆಗೋಡೆಗೆ ಬಡಿಯಿತು. ಅವನ ತಲೆ ಅಲುಗಿತು. ಕಣ್ಣು ಬಿಟ್ಟ. ಕೆಳಗೆ ಪುಟ್ಟದಾಗಿ ಕಂಡ ಹಳದಿ ಜೆರ್ಸಿಯನ್ನು ನೋಡಿದ. ನೋಡಿ, ಆಗುವುದಿಲ್ಲ ಎಂಬಂತೆ ತಲೆಯಾಡಿಸಿದ.

ಬೈಗುಳ ಅವನನ್ನು ಎಚ್ಚರಿಸಿತ್ತು, ಕರೆತರಲಾರದು. ಅದು ಅವಳಿಗೆ ತಿಳಿಯಿತು. ಉಳಿದದ್ದು ಅಪ್ಪನಿಗೆ ಹೇಳಿದ್ದ ಆ ಮಾತು. ಅದನ್ನು ಹೇಳಿದ ಮೇಲೆ ಅವನಿಗೇನಾದರೂ ಆದರೆ? ಈ ಬಾಯನ್ನು ಮತ್ತೆಂದೂ ತೆರೆಯಲಾರೆ ಎನಿಸಿತು. ಮೇಲಿನಿಂದ ಒಂದು ಬೋಲ್ಟು ಬಿದ್ದು ಮರದ ನೆಲದ ಮೇಲೆ ಪುಟಿಯಿತು.

“ನಿನ್ನ ಕೈಲಾಗುತ್ತೆ!” ಎಂದು ಕೂಗಿದಳು. “ಕೆಳಗೆ ನೋಡಬೇಡ, ಏಣಿ ನೋಡು. ನೀನು ಬಂದೇ ಬರ್ತೀಯ. ಕೇಳಿಸ್ತಾ? ಬಂದೇ ಬರ್ತೀಯ ಕಣೋ!”

ಅವನು ಕೊಕ್ಕೆ ಬಿಚ್ಚಿದ. ಹೊಟ್ಟೆಯ ಮೇಲೆ ಮಲಗಿ, ಬಗ್ಗಿದ ಕಬ್ಬಿಣದ ಮೇಲೆ ತೆವಳತೊಡಗಿದ. ಒಂದು ಕಾಲು ಜಾರಿ ಗಾಳಿಯಲ್ಲಿ ತೂಗಿತು. ಮೇಲ್ವಿಚಾರಕ ಮುಖ ಮುಚ್ಚಿಕೊಂಡ. ಅವಳು ಮುಚ್ಚಿಕೊಳ್ಳಲಿಲ್ಲ. “ಬಾ, ಬಾ, ಬಾ,” ಎನ್ನುತ್ತಲೇ ಇದ್ದಳು. ಗಂಟಲು ಹರಿದು ಆ ಮಾತು ಬರೀ ಉಸಿರಾಗುವವರೆಗೆ. ಕೊನೆಗೆ ಅವನ ಕೈ ಏಣಿಗೆ ಸಿಕ್ಕಿತು.

ನೆಲ ಮುಟ್ಟಿದವನೇ ಅಲ್ಲೇ ಕುಸಿದ. ಅವಳೂ ಪಕ್ಕದಲ್ಲಿ ಕುಸಿದಳು. ಮೇಲ್ವಿಚಾರಕ ಇಬ್ಬರನ್ನೂ ಅಕ್ಷರಶಃ ಎಳೆದುಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿ, ನೀರು ತರಲು ಓಡಿದ. ಅವರ ಬೆನ್ನ ಹಿಂದೆ ಆ ಕಬ್ಬಿಣದ ದಾರಿ ಕಳಚಿ ಬಿದ್ದ ಸದ್ದು ಕೇಳಿಸಿತು. ಇಬ್ಬರೂ ಬೆಚ್ಚಿ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು.

ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಹೇಳಿದ. “ಕಣೋ ಅಂದ್ರಿ.”

“ಅಂದೆ.”

“ನೀನು ಅಂತಾನೂ ಅಂದ್ರಿ.”

“ಇನ್ನೂ ಅಂತೀನಿ. ನೀನು ಕತ್ತೆ. ಎತ್ತರಕ್ಕೆ ಹೆದರೋನು...” ಮಾತು ಮುಗಿಯಲಿಲ್ಲ, ಅಳು ನುಗ್ಗಿತು. ಅವನ ಅಂಗೈಯ ಗಾಯಕ್ಕೆ ತನ್ನ ಜೆರ್ಸಿಯ ತುದಿ ಒತ್ತಿಹಿಡಿದಳು. ಹಳದಿ ಬಟ್ಟೆ ಕೆಂಪಾಯಿತು. “ನಾನು ನಿನ್ನ ಕಡೆ. ಯಾವತ್ತೋ ನಿನ್ನ ಕಡೆ ಆಗ್ಹೋಗಿದೀನಿ. ಹೇಳೋಕೆ ಹೆದರಿಕೆ ಇತ್ತು, ಅಷ್ಟೇ.”

“ಈಗ?”

“ಈಗಲೂ ಇದೆ.”

ಅವನು ಗಾಯವಿಲ್ಲದ ಕೈಯಿಂದ ಅವಳ ಕೆನ್ನೆಯೊರೆಸಿದ. “ನನಗೂ. ಇಬ್ಬರೂ ಹೆದರ್ಕೊಂಡೇ ಇರೋಣ ಬಿಡು.”

ಮುಂದಿನ ವಾರ ಅವಳೇ ಅವನನ್ನು ಮನೆಗೆ ಕರೆದೊಯ್ದಳು. ಭಾವ ಬಾಸ್ಕೆಟ್‌ಬಾಲಿನ ವಿಷಯ ತೆಗೆದರು, ಅವನು ತಡವರಿಸಿದ. ಅಕ್ಕ ಅಡುಗೆಮನೆಯಲ್ಲಿ ತಂಗಿಯ ಕೆನ್ನೆ ಹಿಂಡಿ, “ಬಿಸಿಲು ಜೋರಾಗಿದೆ,” ಎಂದಳು.

ನಿಂತುಹೋದ ಮ್ಯಾಚನ್ನು ಬೇರೊಂದು ಅಂಗಣದಲ್ಲಿ ಮತ್ತೆ ಆಡಿಸಿದರು. ಗೆಲ್ತೀರಿ ಹೋಗಿ ಎಂದು ಅವಳು ಎದ್ದು ನಿಂತು ಕೂಗಿದಳು. ಹಳದಿ ತಂಡ ಹೀನಾಯವಾಗಿ ಸೋತಿತು. ಅವಳು ದಾರಿಯುದ್ದಕ್ಕೂ ಕೋಚನ್ನು ಶಪಿಸುತ್ತಾ ಬಂದಳು, ಅವನು ಹೂಂಗುಟ್ಟುತ್ತಾ ಬಂದ.

ಕ್ರೀಡಾಂಗಣದ ಚಾವಣಿಗೆ ಹೊಸ ದಾರಿ, ಹೊಸ ಹಗ್ಗಗಳು ಬಂದವು. ಹೊಸ ಬೋರ್ಡಿನ ವೈರು ಜೋಡಿಸುವ ದಿನ ಅವಳು ಲ್ಯಾಬಿಗೆ ರಜೆ ಹಾಕಿ ಬಂದಳು. ಅವಳು ಬೇಡವೆಂದಿದ್ದರೆ ಅವನು ಹತ್ತುತ್ತಿರಲಿಲ್ಲ. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು.

ಅವನ ಬೆಲ್ಟನ್ನು ತಾನೇ ಎಳೆದು ನೋಡಿದಳು. ಇನ್ನೊಮ್ಮೆ ಎಳೆದಳು. ಅವನ ಬೆರಳುಗಳು ಏಣಿಯ ಮೇಲೆ ನಡುಗುತ್ತಿದ್ದುದು ಕಂಡಿತು. ತನ್ನ ಬೆರಳುಗಳನ್ನು ಅವುಗಳ ಮೇಲಿಟ್ಟಳು. ಅವೂ ನಡುಗುತ್ತಿದ್ದವು.

“ಹೋಗಿ ಬಾ,” ಎಂದಳು.